ಬೇಸಿಕ್ ಎಷ್ಟು ಅಂತ ಕೇಳಿದಿರಾ?

ಕರಾವಳಿಯ ಮನೆಯಿಂದ ಯಾರಾದರೂ ದುಬೈಗೆ ಹೊರಟರೆ ಮೊದಲು ಶುರುವಾಗುವುದು ತೂಕದ ಲೆಕ್ಕ. ಉಪ್ಪಿನಕಾಯಿ ಎಷ್ಟು, ಹಪ್ಪಳ ಎಷ್ಟು, ಕುಚ್ಚಲಕ್ಕಿ ಬೇಕೋ ಬೇಡವೋ. (ಬೇಡ. ಅಲ್ಲಿ ಎಲ್ಲವೂ ಸಿಗುತ್ತದೆ.) ಚಿಕ್ಕಮ್ಮ, ಭಾವ, ಪಕ್ಕದ ಮನೆಯವರು ತಲೆಗೊಂದು ಸಲಹೆ ಕೊಡುತ್ತಾರೆ. ಸಂಬಳ ಎಷ್ಟಂತೆ ಎಂಬ ಪ್ರಶ್ನೆಯೂ ಬರುತ್ತದೆ. ಹುಡುಗ ದಿರ್ಹಮ್ ಲೆಕ್ಕದಲ್ಲಿ ಹೇಳುತ್ತಾನೆ, ಯಾರೋ ಅದನ್ನು ರೂಪಾಯಿಗೆ ಗುಣಿಸುತ್ತಾರೆ, ಎಲ್ಲರೂ ತಲೆದೂಗುತ್ತಾರೆ. ಆ ಮೊತ್ತದಲ್ಲಿ ಬೇಸಿಕ್, ಅಂದರೆ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಕೇಳುವವರು ಅಪರೂಪ. ಹೊರಡುವ ಹುಡುಗನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಯುಎಇಯಲ್ಲಿ ಈಗ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಮನೆಗಳಿಗೆ ಗಲ್ಫ್ ಹೊಸದಲ್ಲ. ಅಪ್ಪ ಹೋಗಿ ಬಂದ ದಾರಿಯಲ್ಲಿ ಮಗ ಹೋಗುತ್ತಾನೆ. ಕಾಪುವಿನ ಬಿ.ಆರ್. ಶೆಟ್ಟಿ 1973ರಲ್ಲಿ ಅಬುಧಾಬಿಗೆ ಹೋಗಿ ಕಟ್ಟಿದ ಉದ್ಯಮ ಸಾಮ್ರಾಜ್ಯದ ಕಥೆಯನ್ನೂ, 2020ರಲ್ಲಿ ಅದು ಕುಸಿದ ಕಥೆಯನ್ನೂ ಊರಿನವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅನುಭವಿಗಳಿಗೇನೂ ಕೊರತೆಯಿಲ್ಲ. ಆದರೆ ಆ ಅನುಭವ ಹೆಚ್ಚಾಗಿ ಹಳೆಯ ಕಾನೂನಿನ ಕಾಲದ್ದು. ಖಾಸಗಿ ಕ್ಷೇತ್ರದ ಕಾರ್ಮಿಕರಿಗೆ ಅನ್ವಯಿಸುವ ಅಲ್ಲಿನ ಈಗಿನ ಕಾನೂನು 2021ರಲ್ಲಿ ಹೊರಬಿದ್ದು 2022ರ ಫೆಬ್ರವರಿ 2ರಿಂದ ಜಾರಿಗೆ ಬಂತು. ಹಾಗಾಗಿ 1995ರಲ್ಲಿ ಹೋದ ಮಾವ "ಅಲ್ಲಿ ಹೀಗೇ" ಎಂದು ಹೇಳಿದರೆ ಗೌರವದಿಂದ ಕೇಳಿ, ಆಮೇಲೆ ಕಾಗದ ತೆಗೆದು ನೋಡಿ. ನಾನಿಲ್ಲಿ ಹೇಳುವುದು ಯುಎಇಗೆ ಮಾತ್ರ. ಸೌದಿ, ಕುವೈತ್, ಕತಾರ್‌ಗಳ ನಿಯಮಗಳು ಬೇರೆ.

ಮೊದಲು ಬೇಸಿಕ್ ವಿಷಯ. ತಿಂಗಳಿಗೆ 2,000 ದಿರ್ಹಮ್ ಎಂದು ಇಬ್ಬರಿಗೆ ಕೆಲಸ ಸಿಕ್ಕಿದೆ ಎನ್ನಿ. ಒಬ್ಬನ ಪತ್ರದಲ್ಲಿ ಬೇಸಿಕ್ 1,600, ಭತ್ಯೆ 400. ಇನ್ನೊಬ್ಬನದರಲ್ಲಿ ಬೇಸಿಕ್ 800, ಭತ್ಯೆ 1,200. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಒಂದೇ ಮೊತ್ತವಾದ್ದರಿಂದ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಓವರ್‌ಟೈಮ್ ಶುರುವಾದಾಗ ಬೀಳುತ್ತದೆ. ಹೆಚ್ಚುವರಿ ಗಂಟೆಗೆ ಬೇಸಿಕ್ ಲೆಕ್ಕದ ಕೂಲಿಯ ಮೇಲೆ ಶೇ. 25 ಸೇರಿಸಿ ಕೊಡಬೇಕು, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ನಡುವೆಯಾದರೆ ಶೇ. 50. ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ ಮೊದಲನೆಯವನಿಗೆ ಹಗಲಿನ ಓವರ್‌ಟೈಮಿಗೆ ಗಂಟೆಗೆ 8 ದಿರ್ಹಮ್ ಚಿಲ್ಲರೆ ಸಿಗುತ್ತದೆ, ಎರಡನೆಯವನಿಗೆ 4 ದಿರ್ಹಮ್ ಚಿಲ್ಲರೆ. ಇಬ್ಬರೂ ಮಾಡುವುದು ಮಾತ್ರ ಅದೇ ಕಂಬಿ ಕಟ್ಟುವ ಕೆಲಸ.

ಗ್ರಾಚ್ಯುಟಿಯದೂ ಅದೇ ಕಥೆ. ಅಲ್ಲಿ ನಮ್ಮವರಿಗೆ ಪಿಎಫ್‌ನಂಥ ಕಡ್ಡಾಯ ವ್ಯವಸ್ಥೆ ಇಲ್ಲ; ಕೆಲಸ ಬಿಡುವಾಗ ಒಟ್ಟಾಗಿ ಕೈಗೆ ಬರುವ ಹಣವೆಂದರೆ ಗ್ರಾಚ್ಯುಟಿಯೇ. ಒಂದು ವರ್ಷ ಪೂರ್ತಿ ಮಾಡಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಅದರ ನಂತರದ ವರ್ಷಗಳಿಗೆ ತಲಾ 30 ದಿನದ ಬೇಸಿಕ್. ಐದು ವರ್ಷ ದುಡಿದು ಹೊರಟಾಗ ಮೊದಲನೆಯವನಿಗೆ 5,600 ದಿರ್ಹಮ್, ಎರಡನೆಯವನಿಗೆ 2,800. ತಂಗಿಯ ಮದುವೆಗೆಂದು ಮನಸ್ಸಿನಲ್ಲೇ ಖರ್ಚು ಮಾಡಿಟ್ಟ ಹಣ ಅರ್ಧವಾಯಿತು ಎಂದು ಆ ಹೊತ್ತಿನಲ್ಲಿ ಗೊತ್ತಾಗುತ್ತದೆ. ಕಂಪನಿ ಮೋಸ ಮಾಡಿತು ಎಂದು ಬೈಯುವಂತೆಯೂ ಇಲ್ಲ, ಸಹಿ ಹಾಕಿದ ಕಾಗದದಲ್ಲೇ ಇತ್ತು.

ಆ ಕಾಗದವೇ ಆಫರ್ ಲೆಟರ್. ವಾಟ್ಸ್ಆ್ಯಪಿನಲ್ಲಿ ಏಜೆಂಟ್ ಕಳಿಸುವ ಬಣ್ಣದ ಪಿಡಿಎಫ್ ಅಲ್ಲ, ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ನಮೂನೆಯಲ್ಲಿರುವ, ಸಂಖ್ಯೆ ಹೊತ್ತ ಪತ್ರ. ಕೆಲಸದ ಪರವಾನಗಿಗೆ ಅರ್ಜಿ ಹೋಗುವ ಮೊದಲೇ ಅದಕ್ಕೆ ನಿಮ್ಮ ಸಹಿ ಬೇಕು. ಮುಂದೆ ಅಲ್ಲಿಗೆ ಹೋಗಿ ಸಹಿ ಹಾಕುವ ಒಪ್ಪಂದ ಈ ಪತ್ರಕ್ಕೆ ಹೊಂದಿರಬೇಕು. ಸಂಬಳ ಇಳಿಸುವುದಾಗಲಿ, ಹುದ್ದೆ ಬದಲಿಸುವುದಾಗಲಿ ಕೂಡದು. ಪತ್ರದ ಮೇಲಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಐದು ನಿಮಿಷದ ಕೆಲಸ. ಎಲೆಕ್ಟ್ರಿಷಿಯನ್ ಎಂದು ಹೋಗಿ ಹೆಲ್ಪರ್ ಆಗಿ ಇಟ್ಟಿಗೆ ಹೊತ್ತವರ ಕಥೆಗಳಲ್ಲಿ ಹೆಚ್ಚಿನವು ಈ ಐದು ನಿಮಿಷ ಇಲ್ಲದೆ ಹುಟ್ಟಿದವು.

2016ರಲ್ಲಿ ಈ ಆಫರ್ ಲೆಟರ್ ವ್ಯವಸ್ಥೆ ಬಂದಾಗ ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಪತ್ರ ಇರಬೇಕೆಂದು 11 ಭಾಷೆಗಳನ್ನು ಇಟ್ಟರು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದು, ಮಲಯಾಳ, ತಮಿಳು, ಬಂಗಾಳಿ, ನೇಪಾಳಿ, ಸಿಂಹಳ, ಚೀನಿ, ದರಿ. ಕನ್ನಡ ಇರಲಿಲ್ಲ, ತೆಲುಗೂ ಇರಲಿಲ್ಲ. ಇದಕ್ಕೆ ಸಿಟ್ಟಾಗುವುದಕ್ಕಿಂತ ಏನು ಮಾಡಬಹುದು ಎಂದು ನೋಡುವುದು ಒಳ್ಳೆಯದು: ಓದಬಲ್ಲ ಭಾಷೆಯ ಪ್ರತಿಯನ್ನೇ ಕೇಳಿ ಪಡೆಯಿರಿ. ಉರ್ದು ಶಾಲೆಯಲ್ಲಿ ಓದಿದವರು ಉರ್ದುವಿನಲ್ಲಿ, ಮಂಗಳೂರಿನಲ್ಲಿ ಮಲಯಾಳ ಬಲ್ಲವರು ಮಲಯಾಳದಲ್ಲಿ. ಯಾವುದೂ ಬಾರದಿದ್ದರೆ ಊರಿನ ಹೈಸ್ಕೂಲು ಮೇಷ್ಟ್ರ ಮುಂದೆ ಕೂತು ಇಂಗ್ಲಿಷ್ ಪ್ರತಿಯನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ. ಏಜೆಂಟ್ ಓದಿ ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಏಜೆಂಟರ ವಿಷಯ ಬಂತಲ್ಲ. ಯುಎಇ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಮಾಲೀಕನದು, ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಆದರೆ ಭಾರತದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ಒಂದು ಲಕ್ಷ, ಒಂದೂವರೆ ಲಕ್ಷ ಎಂದು ನಗದಾಗಿ ಕೇಳುವವನು ಯಾವ ಸೀಮೆಯ ಏಜೆಂಟನೋ ಗೊತ್ತಿಲ್ಲ, ಕಾನೂನಿನ ಏಜೆಂಟನಂತೂ ಅಲ್ಲ. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಇದನ್ನು ಸರ್ಕಾರದ ಕಿರಿಕಿರಿ ಎಂದೇ ಬಹಳ ಮಂದಿ ನೋಡುತ್ತಾರೆ. ಆದರೆ ಇದರಲ್ಲೊಂದು ಲಾಭವೂ ಇದೆ: ಈ ಅನುಮತಿ ಪಡೆಯುವವರು ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಲೇಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಪಾಲಿಸಿಯ ಪ್ರತಿ ಮನೆಯವರ ಹತ್ತಿರ ಇರಬೇಕು, ಸೂಟ್‌ಕೇಸಿನಲ್ಲಲ್ಲ. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಗೆ 30 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. ಮನೆಗೆಲಸಕ್ಕೆ ಹೋಗುವವರಿಗೆ ಯುಎಇಯಲ್ಲಿ ಬೇರೆಯದೇ ಕಾನೂನು, 2022ರದ್ದು. ಈ ಬರಹದ ಲೆಕ್ಕಗಳು ಅವರಿಗೆ ಹಾಗೆಯೇ ಹೊಂದುವುದಿಲ್ಲ.

"ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ" ಎನ್ನುವುದು ವಲಸೆ ಅನುಮತಿ ತಪ್ಪಿಸಲು ಏಜೆಂಟರು ಕಂಡುಕೊಂಡ ದಾರಿ. ವಿಸಿಟ್ ವೀಸಾದಲ್ಲಿ ಹೋಗಿ ಇಂಟರ್‌ವ್ಯೂ ಕೊಡುವುದಕ್ಕೆ ಅಡ್ಡಿಯಿಲ್ಲ. ಓದಿದವರಿಗೆ ಕೆಲಸ ಹುಡುಕಲೆಂದೇ ಪ್ರತ್ಯೇಕ ವೀಸಾ ಕೂಡ 2022ರಿಂದ ಇದೆ. ಆದರೆ ಪರವಾನಗಿ ಇಲ್ಲದೆ ಒಂದು ದಿನ ಕೆಲಸ ಮಾಡಿದರೂ ಅಪರಾಧ. ಹಾಗೆ ದುಡಿಸಿಕೊಳ್ಳುವ ಮಾಲೀಕನಿಗೆ 2024ರ ತಿದ್ದುಪಡಿಯ ನಂತರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ. ದಂಡ ಅವನಿಗೆ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಸಂಬಳ ಕೊಡದಿದ್ದಾಗ ದೂರು ಹೇಳಲು ನಿಮ್ಮ ಹೆಸರಿನಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ. ಗಲ್ಫಿನ ಆಡುಮಾತಿನಲ್ಲಿ ಅಂಥವರನ್ನು ಖಲ್ಲಿವಲ್ಲಿ ಎನ್ನುತ್ತಾರೆ. ಆ ಬಾಳು ಯಾರಿಗೂ ಬೇಡ.

ಇನ್ನು ಸೂಟ್‌ಕೇಸ್. ಗಸಗಸೆ ಹಾಕಬೇಡಿ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಒಂದು ಹಿಡಿ ಗಸಗಸೆ ಅಲ್ಲಿ ಮಾದಕ ವಸ್ತುಗಳ ಲೆಕ್ಕಕ್ಕೆ ಬರುತ್ತದೆ. ಮಸಾಲೆ ಪುಡಿಯಲ್ಲಿ ಬೆರೆತದ್ದಾದರೂ ಬೇಡ, ರಿಸ್ಕ್ ಏಕೆ? ವೀಳ್ಯದೆಲೆ, ಪಾನ್ ಸಾಮಾನುಗಳಿಗೂ ನಿರ್ಬಂಧ ಇದೆ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳು ನಿಯಂತ್ರಿತ ಪಟ್ಟಿಯಲ್ಲಿವೆ. ನಿತ್ಯದ ಔಷಧಿ ಇದ್ದರೆ ಡಾಕ್ಟರ ಚೀಟಿ ಒಯ್ಯಿರಿ, ಮೊದಲೇ ಅನುಮತಿ ಬೇಕೇ ನೋಡಿ. ಬೇರೆಯವರು "ನಮ್ಮ ತಮ್ಮನಿಗೆ ಕೊಟ್ಟುಬಿಡಿ" ಎಂದು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ದಾಕ್ಷಿಣ್ಯಕ್ಕೆ ಬಸಿರಾಗುವ ಜಾಗ ಅದಲ್ಲ.

ಇಳಿದ ಮೇಲಿನ ಮೊದಲ ವಾರಗಳು ಸಾಲುಗಳಲ್ಲಿ ನಿಲ್ಲುವುದರಲ್ಲೇ ಕಳೆಯುತ್ತವೆ. ಕೆಲಸದ ಮೇಲೆ ಒಳಬರುವ ಪ್ರವೇಶ ಪರವಾನಗಿಗೆ 60 ದಿನದ ಅವಧಿ. ಅಷ್ಟರೊಳಗೆ ಮೆಡಿಕಲ್, ಬೆರಳಚ್ಚು, ಒಪ್ಪಂದದ ಸಹಿ, ವಾಸದ ವೀಸಾ ಎಲ್ಲ ಮುಗಿಯಬೇಕು. ಮೆಡಿಕಲ್‌ನಲ್ಲಿ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಎಚ್‌ಐವಿ, ಕ್ಷಯಗಳಿಗೆ ಮುಖ್ಯವಾಗಿ ನೋಡುತ್ತಾರೆ. ಅಲ್ಲಿ ಸಿಕ್ಕಿಬೀಳುವ ಬದಲು ಊರಿನಲ್ಲೇ ಒಂದು ಎಕ್ಸ್‌ರೇ ತೆಗೆಸಿ ನೋಡುವುದು ಜಾಣತನ. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸುವ ಪದ್ಧತಿ 2022ರಲ್ಲೇ ನಿಂತಿದೆ, ಈಗ ಎಮಿರೇಟ್ಸ್ ಐಡಿಯೇ ವಾಸದ ದಾಖಲೆ. ಹಳಬರು ಬತಾಕಾ ಎನ್ನುವುದು ಇದನ್ನೇ. ಸಿಮ್, ಬ್ಯಾಂಕ್ ಖಾತೆ, ಬಾಡಿಗೆ, ಆಸ್ಪತ್ರೆ, ಯಾವುದಕ್ಕೂ ಅದೇ ಬೇಕು. ಈ ಎಲ್ಲದರ ಖರ್ಚೂ ಕಂಪನಿಯದು. ಮೊದಲ ಸಂಬಳದಲ್ಲಿ ವೀಸಾ ಖರ್ಚು ಎಂದು ಮುರಿದುಕೊಂಡರೆ ಅದು ಕಾನೂನಿಗೆ ವಿರುದ್ಧ. ಆರೋಗ್ಯ ವಿಮೆಯೂ ಮಾಲೀಕನೇ ಮಾಡಿಸಬೇಕು. ಅಬುಧಾಬಿ, ದುಬೈಗಳಲ್ಲಿ ಮೊದಲೇ ಕಡ್ಡಾಯವಿತ್ತು, 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಮೊದಲಾದ ಉಳಿದ ಎಮಿರೇಟ್‌ಗಳಿಗೂ ಬಂದಿದೆ.

ಪಾಸ್‌ಪೋರ್ಟ್ ಯಾರ ಕೈಯಲ್ಲಿ ಇರಬೇಕು? ನಿಮ್ಮ ಕೈಯಲ್ಲಿ. ಕಾನೂನು ಸ್ಪಷ್ಟವಾಗಿಯೇ ಇದೆ. ರೂಢಿ ಬೇರೆ: "ಸೇಫ್ ಆಗಿ ಇಡುತ್ತೇವೆ" ಎಂದು ಆಫೀಸಿನವರು ತೆಗೆದಿಟ್ಟುಕೊಳ್ಳುತ್ತಾರೆ, ಹೊಸಬ ಇಲ್ಲ ಎನ್ನಲು ಅಂಜುತ್ತಾನೆ. ವೀಸಾ ಕೆಲಸಕ್ಕೆಂದು ಕೊಟ್ಟರೆ ಕೊಟ್ಟ ತಾರೀಕಿನ ಸಮೇತ ಒಂದು ಮೆಸೇಜ್ ಕಳಿಸಿಡಿ, ಕೆಲಸ ಮುಗಿದ ಮೇಲೆ ಬರವಣಿಗೆಯಲ್ಲೇ ವಾಪಸು ಕೇಳಿ. ಪಾಸ್‌ಪೋರ್ಟು, ಆಫರ್ ಲೆಟರ್, ಒಪ್ಪಂದ, ಐಡಿ ಇಷ್ಟರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಊರಿನಲ್ಲಿ ಓದು ಬಲ್ಲ ಒಬ್ಬರ ಫೋನಿನಲ್ಲೂ ಇರಲಿ.

ಕಂಪನಿ ಕ್ಯಾಂಪ್ ಕೊಟ್ಟರೆ ವಸತಿಯ ಚಿಂತೆ ಇಲ್ಲ. ದುಬೈಯ ಮುಹೈಸ್ನಾವನ್ನು ಎಲ್ಲರೂ ಸೋನಾಪುರ ಎಂದೇ ಕರೆಯುತ್ತಾರೆ. ಅಲ್ ಕೂಜ್, ಜೆಬೆಲ್ ಅಲಿ, ಅಬುಧಾಬಿಯ ಮುಸಫ್ಫಾ ಕಡೆಗಳಲ್ಲೂ ಸಾಲು ಸಾಲು ಕ್ಯಾಂಪ್‌ಗಳು. ಕ್ಯಾಂಪ್ ಇಲ್ಲದವರು ದೇರಾ, ಕರಾಮ, ಸತ್ವಾ ಕಡೆ ಬೆಡ್ ಸ್ಪೇಸ್ ಹುಡುಕುತ್ತಾರೆ. ಒಂದು ಮಂಚ, ಒಂದು ಕಪಾಟು, ಅಡುಗೆ ಮನೆಗೆ ಸರದಿ. ಗೋಡೆ ಹಾಕಿ ಒಂದು ಕೋಣೆಯನ್ನು ನಾಲ್ಕು ಮಾಡಿದ ಪಾರ್ಟಿಶನ್‌ಗಳ ಮೇಲೆ ದುಬೈ ನಗರಪಾಲಿಕೆ 2025ರಲ್ಲಿ ಬಿಗಿಯಾಗಿ ಕ್ರಮ ಕೈಗೊಂಡಿತು. ಅಗ್ಗ ಎಂದು ಅಂಥ ಕಡೆ ಮುಂಗಡ ಕೊಟ್ಟರೆ ಹಣವೂ ಇಲ್ಲ ಮಂಚವೂ ಇಲ್ಲ ಎಂದಾಗಬಹುದು. ದುಬೈಯಲ್ಲಿ ಬಾಡಿಗೆ ಕರಾರನ್ನು ಇಜಾರಿ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಜೊತೆಗಿರುವವರ ಹೆಸರನ್ನೂ ಸೇರಿಸಬೇಕು. ನಿಮ್ಮ ಹೆಸರು ಸೇರಿಸಲು ಒಪ್ಪದ ಕೋಣೆಗೆ ಹೋಗದಿರುವುದೇ ಲೇಸು.

ಕೆಲಸದ ಜಾಗದಲ್ಲಿ ತಿಳಿದಿರಬೇಕಾದ್ದು ಬಹಳವಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನಲ್ಲಿ ಕೆಲಸ ನಿಷಿದ್ಧ. ನಮ್ಮ ಏಪ್ರಿಲ್ ಬಿಸಿಲು ಕಂಡವನಿಗೆ ಇದೇನು ಎನ್ನಬೇಡಿ. ಸಮುದ್ರದ ಆ ಹಬೆಯಲ್ಲಿ ಬೆವರು ಆರುವುದೇ ಇಲ್ಲ, ತಲೆ ಸುತ್ತಿದರೆ ನಾಚಿಕೆ ಬಿಟ್ಟು ನೆರಳಿಗೆ ಹೋಗಿ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿರಬಾರದು. ಆ ಅವಧಿಯಲ್ಲಿ ಬಿಟ್ಟು ಊರಿಗೆ ಬರುವುದಾದರೆ 14 ದಿನದ ನೋಟಿಸ್, ಅಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳಿನದು. ಹೇಳದೆ ಕೇಳದೆ ಹೋಗಿಬಿಟ್ಟರೆ ಕಂಪನಿ ಗೈರುಹಾಜರಿ ದೂರು ಹಾಕುತ್ತದೆ. ಅಲ್ಲಿನವರು ಅಬ್‌ಸ್ಕಾಂಡಿಂಗ್ ಎಂದು ಹೆದರುವುದು ಇದಕ್ಕೇ, ಅದು ಬಿದ್ದರೆ ಮುಂದಿನ ಕೆಲಸದ ಬಾಗಿಲೂ ಮುಚ್ಚುತ್ತದೆ.

ಕೆಲಸ ಕಳೆದುಕೊಂಡವರಿಗೆಂದು 2023ರಿಂದ ಒಂದು ವಿಮೆ ಇದೆ. ಬೇಸಿಕ್ 16,000 ದಿರ್ಹಮ್ ಒಳಗಿದ್ದರೆ ತಿಂಗಳಿಗೆ 5 ದಿರ್ಹಮ್. ಇದನ್ನು ಕಟ್ಟಬೇಕಾದವರು ಕೆಲಸಗಾರರೇ; ಕಟ್ಟದಿದ್ದರೆ 400 ದಿರ್ಹಮ್ ದಂಡ. ಕನಿಷ್ಠ 12 ತಿಂಗಳು ಕಟ್ಟಿದವರಿಗೆ, ತಮ್ಮ ತಪ್ಪಿಲ್ಲದೆ ಕೆಲಸ ಹೋದರೆ, ಬೇಸಿಕ್‌ನ ಶೇ. 60ರಷ್ಟು ಮೂರು ತಿಂಗಳವರೆಗೆ ಸಿಗುತ್ತದೆ. ನೋಡಿ, ಇಲ್ಲೂ ಬೇಸಿಕ್.

ಫೋನಿನ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಮನೆಯವರು ಗಾಬರಿಯಾಗುವ ಮೊದಲೇ ಬೋಟಿಮ್‌ನಂಥ ಅಲ್ಲಿ ಅನುಮತಿ ಇರುವ ಆ್ಯಪ್ ಹಾಕಿಸಿಡಿ. ಮೆಸೇಜಿನಲ್ಲಿ ಬೈದರೆ ಅದು ಅಲ್ಲಿ ಅಪರಾಧ. ಊರಿನ ಗೆಳೆಯರ ಗುಂಪಿನಲ್ಲಿ ಸಲುಗೆಯಿಂದ ಬಳಸುವ ಪದವನ್ನು ಅಲ್ಲಿನ ಸಹೋದ್ಯೋಗಿಗೆ ಕಳಿಸಿ ದಂಡ ಕಟ್ಟಬೇಡಿ. ಕೇಳದೆ ಅಪರಿಚಿತರ ಫೋಟೋ ತೆಗೆಯಬಾರದು. ಕನ್ನಡಿಗರು ಜಾರಿಬೀಳಬಹುದಾದ ಮತ್ತೊಂದು ಜಾಗ ಚಂದಾ ಎತ್ತುವುದು. ಊರಿನ ದೇವಸ್ಥಾನದ ಬ್ರಹ್ಮಕಲಶ, ಮಸೀದಿಯ ಕಟ್ಟಡ, ಕ್ಯಾನ್ಸರ್ ಪೀಡಿತ ಬಡವನ ಆಪರೇಷನ್, ಕಾರಣ ಎಷ್ಟೇ ಒಳ್ಳೆಯದಿರಲಿ, ಪರವಾನಗಿ ಪಡೆದ ಸಂಸ್ಥೆಗಳಲ್ಲದೆ ಬೇರೆಯವರು ಹಣ ಸಂಗ್ರಹಿಸುವುದು ಅಲ್ಲಿ ಕಾನೂನುಬಾಹಿರ. ವಾಟ್ಸ್ಆ್ಯಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿದರೂ ಸಾಕು. ಅಬುಧಾಬಿ, ದುಬೈ, ಶಾರ್ಜಾಗಳಲ್ಲಿ ಕರ್ನಾಟಕದವರ ಸಂಘಗಳಿವೆ. ಅಂಥ ಸಂದರ್ಭದಲ್ಲಿ ಅವರನ್ನು ಕೇಳಿ, ದಾರಿ ಬಲ್ಲವರು ಅವರು.

ಸಂಬಳ ಶುರುವಾದ ಮೇಲೆ ಮಾಡಬೇಕಾದ ಒಂದು ಕೆಲಸ ಊರಿನ ಬ್ಯಾಂಕಿನಲ್ಲಿದೆ. ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರ ಎನ್‌ಆರ್‌ಒ ಖಾತೆಯಾಗಿ ಮಾಡಿಸಬೇಕು, ಹೊರಗಿನ ದುಡಿಮೆಗೆ ಎನ್‌ಆರ್‌ಇ ಖಾತೆ ತೆರೆಯಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಅಲ್ಲಿನ ಬ್ಯಾಂಕುಗಳು ಸಂಬಳ ಬರುತ್ತಿದ್ದಂತೆ ಕ್ರೆಡಿಟ್ ಕಾರ್ಡು, ಸಾಲ ಎಂದು ಬೆನ್ನು ಹತ್ತುತ್ತವೆ. ಮೊದಲ ವರ್ಷ ಬೇಡವೇ ಬೇಡ. ಚೆಕ್ ಬೌನ್ಸ್ ಆದರೆ ಜೈಲು ಎಂಬ ಹಳೆಯ ನಿಯಮ 2022ರಲ್ಲಿ ಸಡಿಲವಾಯಿತು ನಿಜ. ಆದರೆ ಸಾಲ ತೀರಿಸದವರ ಮೇಲೆ ದೇಶ ಬಿಟ್ಟು ಹೋಗದಂತೆ ನಿರ್ಬಂಧ ಹಾಕಿಸುವ ದಾರಿ ಇನ್ನೂ ಇದೆ. ಅಪ್ಪನಿಗೆ ಹುಷಾರಿಲ್ಲ ಎಂದು ಹೊರಟವನನ್ನು ವಿಮಾನ ನಿಲ್ದಾಣದಲ್ಲಿ ತಡೆಯುವುದು ಹೀಗೆ.

ಸಂಬಳ ಬರದಿದ್ದರೆ? ಅಲ್ಲಿ 2009ರಿಂದ ಸಂಬಳವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಕೊಡುವ ವ್ಯವಸ್ಥೆ ಇದೆ. ಯಾರಿಗೆ ಎಷ್ಟು ಹೋಯಿತು ಎಂಬುದು ಸರ್ಕಾರಕ್ಕೆ ಕಾಣುತ್ತದೆ. ಹಾಗಾಗಿ "ಈ ತಿಂಗಳು ಕೈಗೇ ಕೊಡುತ್ತೇವೆ" ಎಂದರೆ ಒಪ್ಪಬೇಡಿ, ಪೂರ್ತಿ ಹಾಕಿ ಅರ್ಧ ವಾಪಸು ಕೇಳಿದರೂ ಕೊಡಬೇಡಿ. ಗಡುವು ದಾಟಿ 15 ದಿನವಾದರೂ ಬಾರದಿದ್ದರೆ ಸಚಿವಾಲಯದ ಆ್ಯಪ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. 50,000 ದಿರ್ಹಮ್ ಒಳಗಿನ ತಕರಾರನ್ನು 2024ರಿಂದ ಸಚಿವಾಲಯವೇ ತೀರ್ಮಾನ ಮಾಡುತ್ತದೆ, ಕೋರ್ಟಿಗೆ ಅಲೆಯಬೇಕಿಲ್ಲ. ತಿಂಗಳು ತಿಂಗಳು ತಾಳ್ಮೆಯಿಂದ ಕಾಯುವುದು ನಮ್ಮವರ ದೊಡ್ಡ ದೌರ್ಬಲ್ಯ. ಮಾಲೀಕ ಊರಿನವನೇ ಆಗಿದ್ದರಂತೂ ಮುಗಿದೇ ಹೋಯಿತು. ಮುಖ ನೋಡಿ ಹೇಗೆ ದೂರು ಕೊಡುವುದು ಎನ್ನುತ್ತಾರೆ. ಅಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿರುತ್ತದೆ.

ಕೆಲಸ ಬಿಡುವಾಗ ಕೊನೆಯ ಸಂಬಳ, ಉಳಿದ ರಜೆಯ ಹಣ, ಗ್ರಾಚ್ಯುಟಿ ಎಲ್ಲವನ್ನೂ 14 ದಿನದೊಳಗೆ ಕೊಡಬೇಕು. ವೀಸಾ ರದ್ದು ಮಾಡುವ ಕಾಗದದಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಎಂಬ ಅರ್ಥದ ಸಾಲು ಇರುತ್ತದೆ. ಹಣ ಖಾತೆಗೆ ಬಿದ್ದ ಮೆಸೇಜ್ ಬರುವವರೆಗೆ ಅದಕ್ಕೆ ಸಹಿ ಹಾಕಬೇಡಿ. ಮಧ್ಯಾಹ್ನದ ವಿಮಾನ ಇದೆ, ಬೆಳಿಗ್ಗೆ ಸಹಿ ಹಾಕು ಎಂದು ಅವಸರಪಡಿಸಿದರೆ ಟಿಕೆಟ್ ತಾರೀಕು ಮುಂದೆ ಹಾಕಿಸಿ.